ಹಸಿ ಬಟಾಣಿಯೋ, ಒಣ ಬಟಾಣಿಯೋ?

ನಮ್ಮ ಪುಟ್ಟಿಗೆ 5 ವರ್ಷ. ಕಳೆದ ತಿಂಗಳು ಒಂದು ರಾತ್ರಿ ಕೆನ್ನೆ ಹಿಡಿದುಕೊಂಡು ಅಳಲು ಶುರು ಮಾಡಿದಳು. ಟಾರ್ಚ್ ಬಿಟ್ಟು ನೋಡಿದರೆ ದವಡೆ ಹಲ್ಲಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ತೂತು. ಅಮ್ಮ ಲವಂಗ ಹುಡುಕಲು ಅಡುಗೆಮನೆಗೆ ಓಡಿದರು. ನಾನು ಮಾತ್ರ ಆರಾಮಾಗಿದ್ದೆ. ಹಾಲುಹಲ್ಲು ತಾನೇ, ಹೇಗಿದ್ದರೂ ಬಿದ್ದುಹೋಗುತ್ತೆ. ಬಾಡಿಗೆ ಮನೆಗೆ ಯಾರಾದರೂ ಕೈಯಿಂದ ದುಡ್ಡು ಹಾಕಿ ಬಣ್ಣ ಹೊಡೆಸುತ್ತಾರಾ?

ಮರುದಿನ ಹಲ್ಲಿನ ಡಾಕ್ಟರು ನನ್ನ ಲೆಕ್ಕ ತಿದ್ದಿದರು. ಮುಂದಿನ ಹಲ್ಲುಗಳು 6–7 ವರ್ಷಕ್ಕೆ ಬೀಳುತ್ತವಂತೆ. ಹಿಂದಿನ ದವಡೆ ಹಲ್ಲು ಮಾತ್ರ 10–12ರವರೆಗೆ ಇರಬೇಕಂತೆ. ಅದನ್ನು ಮೊದಲೇ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ಸರಿದುಬಿಡುತ್ತದೆ. ನನಗೆ ತಟ್ಟನೆ ಅರ್ಥವಾಯಿತು. ಅದು ಬರೀ ಹಲ್ಲಲ್ಲ, ಬಸ್ ಸೀಟಿಗೆ ಕಿಟಕಿಯಿಂದ ಹಾಕಿದ ಕರ್ಚೀಫು!

"ರಾತ್ರಿ ಹಲ್ಲುಜ್ಜಿಸೋದು ಯಾರು?" ಎಂದು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಉತ್ತರ ಬಂದದ್ದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳಿಂದ.

"ನಾನೇ ಉಜ್ಕೋತೀನಿ. ಅಪ್ಪ ಮೊಬೈಲ್ ನೋಡ್ತಿರ್ತಾನೆ."

"ಆಮೇಲೆ?"

"ಆಮೇಲೆ ಅಜ್ಜಿ ಕಲ್ಲುಸಕ್ಕರೆ ಹಾಕಿ ಹಾಲು ಕೊಡ್ತಾರೆ. ಪೂರ್ತಿ ಕುಡಿದ್ರೆ ಅಮ್ಮ ಬಿಸ್ಕತ್ ಕೊಡ್ತಾಳೆ."

"ಅಪ್ಪ ಏನೂ ಕೊಡಲ್ವಾ?"

"ಕೊಡ್ತಾನೆ. ಹಲ್ಲುಜ್ಜಿದ್ರೆ ಚಾಕ್ಲೇಟು."

ಡಾಕ್ಟರು ಪೆನ್ನು ಕೆಳಗಿಟ್ಟರು. ಗೋಡೆಯ ಮೇಲಿನ ಪೋಸ್ಟರಿನಲ್ಲಿ ನಗುತ್ತಿದ್ದ ಹಲ್ಲು ಕೂಡ ನನ್ನನ್ನೇ ನೋಡುತ್ತಿರುವ ಹಾಗಿತ್ತು.

ತೂತಿಗೆ ಸಿಮೆಂಟ್ ತುಂಬಿಸಿಕೊಂಡು, ಜೊತೆಗೆ ಒಂದಿಷ್ಟು ಬುದ್ಧಿಮಾತನ್ನೂ ತುಂಬಿಸಿಕೊಂಡು ಬಂದೆವು. ಹಾಲು ಮೊದಲು, ಅದೂ ಸಕ್ಕರೆ ಇಲ್ಲದೆ. ಬ್ರಷ್ ಆಮೇಲೆ. ಬ್ರಷ್ ಆದ ಮೇಲೆ ನೀರು ಬಿಟ್ಟು ಏನೂ ಇಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಬರುವುದರಿಂದ ಸಿಹಿ ಹಲ್ಲಿಗೇ ಅಂಟಿಕೊಂಡಿರುತ್ತದಂತೆ. 7–8 ವರ್ಷದವರೆಗೂ ದೊಡ್ಡವರೇ ಉಜ್ಜಿಸಬೇಕು. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, 3 ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು.

ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಪೇಸ್ಟು ಬಳಿಯುತ್ತಿದ್ದ ಮನೆ ನಮ್ಮದು. ಬಟಾಣಿ ವಿಷಯ ಕೇಳಿ ಅಮ್ಮನಿಗೆ ಅನುಮಾನ ಬಂತು.

"ಹಸಿ ಬಟಾಣಿನೋ, ಒಣ ಬಟಾಣಿನೋ?"

"ಯಾವುದೋ ಒಂದು ಅಮ್ಮ."

"ಯಾವುದೋ ಒಂದು ಹೇಗಾಗುತ್ತೆ? ನೆನೆಸಿದ್ರೆ ಡಬಲ್ ಆಗುತ್ತೆ. ಸಾಗು ಮಾಡೋರಿಗೆ ಗೊತ್ತು."

ಡಾಕ್ಟರಿಗೆ ಫೋನ್ ಮಾಡಿ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಡಬ್ಬಿಯಿಂದ ಒಂದು ಒಣ ಬಟಾಣಿ ತಂದು ಸಿಂಕಿನ ಮೇಲಿನ ಸೋಪುಡಬ್ಬಿಯಲ್ಲಿ ಅಳತೆಗೆ ಇಟ್ಟೆ. ಎರಡು ದಿನ ಎಲ್ಲ ಚೆನ್ನಾಗಿತ್ತು. ಪುಟ್ಟಿ ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗುವುದು, ನಾನು ಉಜ್ಜುವುದು, ಅವಳು ಬ್ರಷ್ ಕಚ್ಚಿಕೊಂಡು ಬಿಡದಿರುವುದು. ಆದರೂ ಸ್ಟ್ರಾಬೆರಿ ಪೇಸ್ಟು ವಾರಕ್ಕೇ ಮುಗಿಯುವ ಹಾಗೆ ಕಂಡಿತು. ಪುಟ್ಟಿ ಕದ್ದು ತಿನ್ನುತ್ತಿದ್ದಾಳೆ ಎಂದು ಹೆದರಿ ಕಾವಲು ಕೂತೆ.

ಬೆಳಿಗ್ಗೆ ಐದೂವರೆಗೆ ಬಚ್ಚಲುಮನೆಯ ಲೈಟ್ ಹತ್ತಿತು. ಇಣುಕಿದರೆ ನಮ್ಮ ಅಪ್ಪ! ಹಲ್ಲಿನ ಸೆಟ್ಟು ಅಂಗೈಯಲ್ಲಿದೆ. ಅದರ ತುಂಬಾ ಗುಲಾಬಿ ನೊರೆ.

"ಅಪ್ಪಾ, ಅದು ಮಕ್ಕಳ ಪೇಸ್ಟು!"

"ನಿಂದು ಬಾಯಿ ಉರಿಯುತ್ತೆ ಕಣೋ, ಇದು ಘಮ್ಮಂತಿದೆ," ಎಂದರು ಬೊಚ್ಚುಬಾಯಲ್ಲಿ. "ನಾನೇನು ಜಾಸ್ತಿ ಹಾಕಿಲ್ಲ. ನೀನಿಟ್ಟ ಬಟಾಣಿ ನೋಡಿಕೊಂಡೇ ಹಾಕಿದ್ದು."

ಸೋಪುಡಬ್ಬಿಯ ಕಡೆ ನೋಡಿದೆ. ಬಟಾಣಿ ನೀರು ಕುಡಿದು ಗೋಲಿಯಷ್ಟಾಗಿತ್ತು. ಮೇಲಿಂದ ಮೊಳಕೆ ಬೇರೆ.