ಬೀದಿ ಕಾಮಗಾರಿಗೆ ಬೀದಿಯವರ ಒಪ್ಪಿಗೆ ಕಡ್ಡಾಯ ಆಗಬೇಕೇ?

ಪರ: ಕೇಳದೆ ಅಗೆಯಬೇಡಿ
(ಬರೆದವರು ಹನುಮಂತನಗರದ ನಿವಾಸಿ, ನಿವೃತ್ತ ಪ್ರೌಢಶಾಲಾ ಶಿಕ್ಷಕಿ)

ಆಗಲೇಬೇಕು. ಬೆಂಗಳೂರಿನ ಯಾವ ರಸ್ತೆಯನ್ನೇ ಅಗೆಯಲಿ, ಮೊದಲು ಆ ರಸ್ತೆಯ ಜನರನ್ನು ಕೂರಿಸಿ, ನಕ್ಷೆ ತೋರಿಸಿ, ಒಪ್ಪಿಗೆ ಪಡೆಯಬೇಕು. ಸ್ವಂತ ಮನೆಯವರು, ಬಾಡಿಗೆಯವರು, ಅಂಗಡಿಯವರು, ತಳ್ಳುಗಾಡಿಯವರು ಎಲ್ಲರೂ ಅಲ್ಲಿ ಇರಬೇಕು. ಒಪ್ಪಿಗೆ ಸಿಗುವ ತನಕ ಕೆಲಸಕ್ಕೆ ಜಾಬ್ ಕೋಡ್ (ಪಾಲಿಕೆ ಪ್ರತಿ ಕಾಮಗಾರಿಗೂ ಕೊಡುವ ಗುರುತಿನ ಸಂಖ್ಯೆ) ಕೊಡಬಾರದು, ಬಿಲ್ ಅಂತೂ ಪಾಸ್ ಆಗಲೇಬಾರದು.

ಇದೇನೂ ಹೊಸ ಬೇಡಿಕೆ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದು ಹೇಳುತ್ತದೆ. ನಮ್ಮ ರಾಜ್ಯ 2011ರಲ್ಲಿ ಪಾಲಿಕೆ ಕಾಯ್ದೆಗೆ ತಿದ್ದುಪಡಿ ಮಾಡಿ ವಾರ್ಡ್ ಸಮಿತಿ, ಏರಿಯಾ ಸಭೆ (ವಾರ್ಡ್‌ನ ಒಂದೊಂದು ಭಾಗದ ಮತದಾರರ ಸಭೆ) ಎರಡನ್ನೂ ಸೇರಿಸಿತು. ಅದಕ್ಕೆ ನಿಯಮ ಬರಲು 2016 ಆಯಿತು. ಊರಿನ ಕಸ ವಿಲೇವಾರಿಯ ಮೊಕದ್ದಮೆಯಲ್ಲಿ ಹೈಕೋರ್ಟ್ ಪದೇ ಪದೇ ಒತ್ತಿ ಹೇಳಿದ ಮೇಲೆ, ಬಿಬಿಎಂಪಿ 2018ರ ಕೊನೆಗೆ ಪ್ರತಿ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ಅಂತ ನಿಗದಿ ಮಾಡಿತು. ಸಂವಿಧಾನದಲ್ಲಿ ಬರೆದ ಒಂದು ಮಾತು ನಮ್ಮ ವಾರ್ಡ್ ಆಫೀಸಿನ ಬಾಗಿಲಿಗೆ ಬರಲು 25 ವರ್ಷ ಹಿಡಿಯಿತು, ಯೋಚನೆ ಮಾಡಿ.

ಬಂದ ಮೇಲಾದರೂ ಉಳಿಯಿತಾ? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಕೌನ್ಸಿಲ್‌ನ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ಊರು ಕಾರ್ಪೊರೇಟರ್‌ಗಳೇ ಇಲ್ಲದೆ ನಡೆಯಿತು. 198 ವಾರ್ಡ್ ಇದ್ದದ್ದು 243 ಅಂದರು, ಆಮೇಲೆ 225 ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದರು, ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ನಡುವೆ ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟೂ ವರ್ಷ ನಾವು ಆಸ್ತಿ ತೆರಿಗೆ ಕಟ್ಟುವುದನ್ನು ನಿಲ್ಲಿಸಿದ್ದೇವಾ? ಅವರು ರಸ್ತೆ ಅಗೆಯುವುದನ್ನು ನಿಲ್ಲಿಸಿದ್ದಾರಾ? ಕೇಳುವವರು ಇಲ್ಲದಾಗಲೇ ಕೆಲಸ ಜೋರಾಗಿ ನಡೆಯಿತು. ಅದಕ್ಕೇ ನಾನು ಒಪ್ಪಿಗೆ ಕಡ್ಡಾಯ ಅನ್ನುತ್ತಿದ್ದೇನೆ. ಕಾರ್ಪೊರೇಟರ್ ಇರಲಿ, ಇಲ್ಲದಿರಲಿ, ಬೀದಿಯ ಜನ ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಕ್ರಾಸ್‌ನ ಕಥೆ ಹೇಳುತ್ತೇನೆ. ಹನುಮಂತನಗರ ಗೊತ್ತಿರುವವರಿಗೆ ಅಲ್ಲಿನ ಏರು ಇಳಿಜಾರು ಗೊತ್ತಿರುತ್ತದೆ. ಗುಡ್ಡದ ಕಡೆಯಿಂದ ಬರುವ ಮಳೆನೀರು ನಮ್ಮ ಕ್ರಾಸ್‌ನ ಬಲಪಕ್ಕಕ್ಕೆ ಹೊಡೆದುಕೊಂಡು ಬಂದು, ಕೆಳಗಿನ ತಿರುವಿನಲ್ಲಿ ಮೋರಿಗೆ ಇಳಿಯುತ್ತಿತ್ತು. ಹಳೇ ಕಾಲದ ಮೋರಿ, ಮೇಲೆ ಚಪ್ಪಡಿ ಕಲ್ಲು. ಕಲ್ಲುಗಳ ಸಂದಿಯಲ್ಲೇ ನೀರು ಇಳಿದುಹೋಗುತ್ತಿತ್ತು. ನೋಡಲು ಚೆನ್ನಾಗಿರಲಿಲ್ಲ, ಆದರೆ ಕೆಲಸ ಮಾಡುತ್ತಿತ್ತು.

ಒಂದು ಬೆಳಿಗ್ಗೆ ಜೆಸಿಬಿ ಬಂತು. ಯಾವ ಚೀಟಿಯೂ ಇಲ್ಲ, ಬೋರ್ಡೂ ಇಲ್ಲ. ಚಪ್ಪಡಿಗಳನ್ನು ಕಿತ್ತು ಲಾರಿಗೆ ತುಂಬಿದರು. ಕಾಂಕ್ರೀಟ್ ಮೋರಿ ಕಟ್ಟಿ, ಮೇಲೆ ಮುಚ್ಚಿ, ಕೆಂಪು ಹಳದಿ ಟೈಲ್ಸ್ ಹಾಕಿ, ಅಂಚಿಗೆ ಕಲ್ಲು ಕೂರಿಸಿದರು. ನೀರು ಒಳಗೆ ಇಳಿಯಲು ಅಂಚುಕಲ್ಲಿನಲ್ಲಿ ಕಿಂಡಿ ಬಿಡಬೇಕಲ್ಲ, ಅದನ್ನು ಬಿಟ್ಟದ್ದು ಎಡಪಕ್ಕದಲ್ಲಿ. ಮೊದಲು ಕಂಡುಹಿಡಿದದ್ದು ನಮ್ಮ ತಿರುವಿನಲ್ಲಿ ಸೊಪ್ಪು ಮಾರುವ ಅಮ್ಮ. ಅವರು ಮಳೆಗಾಲದಲ್ಲೂ ಅಲ್ಲೇ ಕೂರುವವರು. "ಮಿಸ್ಸೂ, ನೀರ್ ಬರೋದು ಈ ಕಡೆ, ಇವ್ರು ತೂತ ಆ ಕಡೆ ಬುಡ್ತಾವ್ರೆ. ವಸಿ ಹೇಳಿ ಅವ್ರಿಗೆ" ಅಂದರು. ನಾನು ಹೋಗಿ ಮೇಸ್ತ್ರಿಯನ್ನು ಕೇಳಿದೆ. "ಡ್ರಾಯಿಂಗಲ್ಲಿ ಹಿಂಗೇ ಇದೆ ಮೇಡಂ" ಅಂದ. ಡ್ರಾಯಿಂಗ್ ತೋರಿಸಪ್ಪಾ ಅಂದರೆ ಅವನ ಹತ್ತಿರ ಇರಲಿಲ್ಲ. ಆಫೀಸಿಗೆ ಹೋದರೆ, "ಎಸ್ಟಿಮೇಟ್ ಆಗೋಗಿದೆ ಮೇಡಂ, ಈಗ ಐಟಂ ಚೇಂಜ್ ಮಾಡಕ್ಕಾಗಲ್ಲ" ಅಂದರು. ಬೇರೆ ಕಡೆ ಇಳಿಜಾರು ಹೇಗಿದೆಯೋ ಹಾಗೇ ಇಲ್ಲಿಯೂ ಇರುತ್ತದೆ ಅಂತ ಆಫೀಸಿನಲ್ಲಿ ಕೂತು ಬರೆದಿದ್ದಾರೆ. ಜೊತೆಗೆ ಹಳೇ ಡಾಂಬರನ್ನು ಕೆರೆಯದೆ ಅದರ ಮೇಲೇ ಹೊಸ ಡಾಂಬರು ಹಾಕಿದರು. ರಸ್ತೆ ಎತ್ತರ ಆಯಿತು, ಮನೆಗಳು ತಗ್ಗಾದವು.

ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಏನಾಗಬೇಕೋ ಅದೇ ಆಯಿತು. ಬಲಪಕ್ಕದ ಕೊನೆಯ ಮನೆಯ ಕೆಳಗಿನ ಭಾಗದಲ್ಲಿ ಒಬ್ಬರು ಟೈಲರ್ ಇದ್ದಾರೆ, ಹೆಣ್ಣುಮಗಳು, ಬಾಡಿಗೆಗೆ ಇರುವವರು. ಮದುವೆ ಸೀಸನ್. ಬ್ಲೌಸ್ ಹೊಲಿಯಲು ಕೊಟ್ಟ ರೇಷ್ಮೆ ಪೀಸುಗಳೆಲ್ಲ ಕೆಳಗಿನ ಶೆಲ್ಫಿನಲ್ಲಿ ಇದ್ದವು. ಕೆಸರು ನೀರು ಮೊಣಕಾಲಿನ ತನಕ ಬಂತು. ಮಿಷನ್ನಿನ ಮೋಟರ್ ಕೆಟ್ಟಿತು. ರೇಷ್ಮೆ ಬಣ್ಣ ಬಿಟ್ಟಿತು. ಗಿರಾಕಿಗಳಿಗೆ ಅವರೇ ಕೈಯಿಂದ ದುಡ್ಡು ಕೊಟ್ಟರು. ಮಾರನೇ ದಿನ ಇಬ್ಬರು ಕೂಲಿಯವರು ಬಂದು ಸುತ್ತಿಗೆಯಲ್ಲಿ ಹೊಸ ಟೈಲ್ಸ್ ಒಡೆದು, ಬಲಪಕ್ಕದ ಅಂಚುಕಲ್ಲಿಗೆ ತೂತು ಹಾಕಿ ಹೋದರು. ಸೊಪ್ಪಿನಮ್ಮ ತೋರಿಸಿದ್ದ ಅದೇ ಜಾಗಕ್ಕೆ! ಆ ಟೈಲರ್‌ಗೆ ಯಾರೂ ಒಂದು ಪೈಸೆ ಕೊಡಲಿಲ್ಲ. ಅವರ ಮುಖ ನೋಡಿದ ಮೇಲೆ ನನಗೆ ಈ ವಿಷಯದಲ್ಲಿ ಎರಡು ಮಾತಿಲ್ಲ.

ಜನರನ್ನು ಕೇಳುತ್ತಾ ಕೂತರೆ ಕೆಲಸ ಆಗುವುದಿಲ್ಲ ಅನ್ನುತ್ತಾರೆ. ಅಂದರೆ ಬುದ್ಧಿ ಇರುವುದು ಎಂಜಿನಿಯರ್‌ಗಳಿಗೆ ಮಾತ್ರ, ನಾವೆಲ್ಲ ಸುಮ್ನೆ ತೆರಿಗೆ ಕಟ್ಟಿಕೊಂಡು ಬಾಯಿ ಮುಚ್ಚಿಕೊಂಡು ಇರಬೇಕು ಅಂತ ತಾನೇ? ಕೇಳದೆ ಮಾಡಿದರೆ ಎರಡು ಸಲ ಕಟ್ಟಬೇಕು, ಒಂದು ಸಲ ಒಡೆಯಬೇಕು. ಇದು ಬೇಗ ಆಗುವ ಕೆಲಸವಾ? ಇನ್ನು ಜಲಮಂಡಳಿ, ಬೆಸ್ಕಾಂ, ಕೇಬಲ್‌ನವರು ಒಬ್ಬರಾದ ಮೇಲೆ ಒಬ್ಬರು ಬಂದು ಅಗೆಯುವುದು ಬೇರೆ. ಬೀದಿಯ ಒಪ್ಪಿಗೆ ಬೇಕು ಅಂತಾದರೆ ಇವರೆಲ್ಲ ಒಂದೇ ಸಭೆಗೆ ಬಂದು, ಒಂದೇ ಸಲ ಅಗೆಯಬೇಕಾಗುತ್ತದೆ.

ದೊಡ್ಡ ಯೋಜನೆಗಳಲ್ಲೂ ಇದೇ ಕಥೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸ್ಟೀಲ್ ಫ್ಲೈಓವರ್ ಮಾಡುತ್ತೇವೆ, 800ಕ್ಕೂ ಹೆಚ್ಚು ಮರ ಕಡಿಯುತ್ತೇವೆ ಅಂದಾಗ ಮೊದಲು ಯಾರನ್ನು ಕೇಳಿದ್ದರು? 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಪಕ್ಕ ಕೈ ಕೈ ಹಿಡಿದು ನಿಲ್ಲಬೇಕಾಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮೊದಲೇ ಕೂತು ಮಾತಾಡಿದ್ದರೆ ಆ ಜಗಳವೇ ಇರುತ್ತಿರಲಿಲ್ಲ ಅಲ್ವಾ? ಎಲ್ಲ ಬೀದಿಗೂ ಸಾವಿರಾರು ಜನ ಬಂದು ನಿಲ್ಲುವುದಿಲ್ಲ. ನಮ್ಮ ಕ್ರಾಸ್‌ಗೆ ನಾವೇ ಇರುವುದು.

ಸಭೆಗೆ ಜನ ಬರುವುದಿಲ್ಲ ಅನ್ನುವುದು ನೆಪ. ಶನಿವಾರ ಬೆಳಿಗ್ಗೆ ಆಫೀಸಿನೊಳಗೆ ಸಭೆ ಇಟ್ಟು, ಯಾರಿಗೂ ಹೇಳದಿದ್ದರೆ ಯಾರು ಬರುತ್ತಾರೆ? ಭಾನುವಾರ ಸಂಜೆ ಬೀದಿಯಲ್ಲೇ ಇಡಿ. ಹಾಲಿನ ಬೂತ್‌ನಲ್ಲಿ, ದೇವಸ್ಥಾನದ ಬಾಗಿಲಲ್ಲಿ, ಮಸೀದಿ ಹತ್ತಿರ, ಕಿರಾಣಿ ಅಂಗಡಿಯಲ್ಲಿ ಚೀಟಿ ಅಂಟಿಸಿ. ನಕ್ಷೆಯನ್ನು ಕನ್ನಡದಲ್ಲಿ, ನಮ್ಮ ಮನೆ ನಂಬರ್ ಕಾಣುವ ಹಾಗೆ ದೊಡ್ಡದಾಗಿ ಬರೆದು ಗೋಡೆಗೆ ಹಾಕಿ. ಸೊಪ್ಪಿನಮ್ಮ ಬರುತ್ತಾರೆ, ಟೈಲರ್ ಬರುತ್ತಾರೆ, ನಾನು ಕುರ್ಚಿ ತರುತ್ತೇನೆ.

ವಿರೋಧ: ಕೇಳಿ, ಆದರೆ ತಡೆಯುವ ಹಕ್ಕು ಬೇಡ
(ಬರೆದವರು ಸಿವಿಲ್ ಎಂಜಿನಿಯರ್, ಖಾಸಗಿ ಸಂಸ್ಥೆಯಲ್ಲಿ ರಸ್ತೆ ವಿನ್ಯಾಸದ ಕೆಲಸ)

ವಿರೋಧದ ಕಡೆ ಬರೆಯಿರಿ ಎಂದು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಜನರನ್ನು ಕೇಳಲೇಬಾರದು ಅನ್ನುವ ಪಕ್ಷ ನನ್ನದಲ್ಲ. ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಅಲ್ಲಿ ಇರುವವರಿಗೇ ಚೆನ್ನಾಗಿ ಗೊತ್ತು. ಆದರೆ ಒಪ್ಪಿಗೆ ಸಿಗದಿದ್ದರೆ ಕೆಲಸವೇ ನಿಲ್ಲಬೇಕು ಅನ್ನುವುದನ್ನು ಒಪ್ಪಲು ನನಗೆ ಆಗುವುದಿಲ್ಲ.

ರಸ್ತೆ ಅಲ್ಲಿ ಮನೆ ಇರುವವರದ್ದು ಮಾತ್ರ ಅಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಗಾಂಧಿ ಬಜಾರಿನಲ್ಲಿ ದಿನಾ ಓಡಾಡುವವರಲ್ಲಿ ಎಷ್ಟು ಜನ ಅಲ್ಲಿ ವಾಸ ಇದ್ದಾರೆ? ಶಾಲೆಗೆ ಹೋಗುವ ಮಕ್ಕಳು, ಪೌರಕಾರ್ಮಿಕರು, ಮನೆಕೆಲಸಕ್ಕೆ ಬರುವವರು, ಡೆಲಿವರಿ ಹುಡುಗರು ಯಾವ ಬೀದಿಯ ಸಭೆಗೂ ಸೇರುವುದಿಲ್ಲ. ಬೆಂಗಳೂರಿನಲ್ಲಿ 12 ಸಾವಿರ ಕಿಲೋಮೀಟರ್‌ಗೂ ಜಾಸ್ತಿ ರಸ್ತೆ ಇದೆ. ಪ್ರತಿ ತುಂಡಿಗೂ ಒಂದೊಂದು ಸಭೆ, ಒಂದೊಂದು ಒಪ್ಪಿಗೆ ಅಂದರೆ ಮುಂದಿನ ಮಳೆಗಾಲ ಅಲ್ಲ, ಅದರ ಮುಂದಿನದೂ ಬಂದು ಹೋಗುತ್ತದೆ. ಡಾಂಬರು ಹಾಕಲು ನಮಗೆ ಸಿಗುವುದೇ ನವೆಂಬರ್‌ನಿಂದ ಮೇ ತನಕ.

ಮೈಸೂರು ರಸ್ತೆಯ ಕಡೆ ಒಂದು ಬಡಾವಣೆಯಲ್ಲಿ ಹಿಂದೆ ಒಂದು ಕೆಲಸ ಮಾಡಿದ್ದೆವು. ಹತ್ತಿರದಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿವೆ. ಬೆಳಿಗ್ಗೆ ಎಂಟರ ಸುಮಾರಿಗೆ ನೂರಾರು ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಆ ರಸ್ತೆಯಲ್ಲಿ ನಡೆದು ಹೋಗುತ್ತಾರೆ. ಫುಟ್‌ಪಾತ್ ಇರಲಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಇರುವ ಹಾಗೆ, ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು ಅಂತ ಡ್ರಾಯಿಂಗ್ ಮಾಡಿದೆವು. ಸಭೆ ಕರೆದರು. ಬಂದವರು ಸ್ವಂತ ಮನೆ ಇರುವವರು, ಅಂಗಡಿಯವರು. "ಅಷ್ಟು ಅಗಲ ಫುಟ್‌ಪಾತ್ ಮಾಡಿದ್ರೆ ನಮ್ ಕಾರ್ ಎಲ್ಲಿ ನಿಲ್ಸೋದು ಸಾರ್?" ಇದೊಂದೇ ಪ್ರಶ್ನೆ, ಬೇರೆ ಬೇರೆ ಬಾಯಲ್ಲಿ. ಕೊನೆಗೆ ಅಗಲ 1 ಮೀಟರ್‌ಗೆ ಇಳಿಯಿತು. ಅದರಲ್ಲೂ ಟ್ರಾನ್ಸ್‌ಫಾರ್ಮರ್ ಒಂದು ಕಡೆ, ಅಂಗಡಿಯ ಮೆಟ್ಟಿಲು ಒಂದು ಕಡೆ. ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಹೋಗಿ ನಿಂತು ನೋಡಿದೆ. ಲಾರಿಗಳ ಪಕ್ಕದಲ್ಲೇ ಆ ಹೆಣ್ಣುಮಕ್ಕಳು ಸಾಲಾಗಿ ರಸ್ತೆ ಮೇಲೆ ನಡೆಯುತ್ತಿದ್ದರು. ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿದ್ದವು. ಆ ಸಭೆಯಲ್ಲಿ ಎಲ್ಲರ ಒಪ್ಪಿಗೆಯೂ ಇತ್ತು, ಸಹಿಯೂ ಇತ್ತು. ಭಾನುವಾರ ಸಂಜೆ ಬೀದಿಯಲ್ಲೇ ಸಭೆ ಇಟ್ಟಿದ್ದರೂ ಆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ, ಯಾಕೆಂದರೆ ಅವರ ಮನೆ ಇರುವುದು ಬೇರೆ ವಾರ್ಡ್‌ನಲ್ಲಿ.

ನಗರದ ಮಧ್ಯಭಾಗದಲ್ಲಿ ಟೆಂಡರ್ ಶ್ಯೂರ್ ಅನ್ನುವ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳನ್ನೇ ನೋಡಿ. ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಗಾಡಿ ಹೋಗುವ ಜಾಗ ಕಡಿಮೆ ಮಾಡಿ ಫುಟ್‌ಪಾತ್ ಅಗಲ ಮಾಡಿದಾಗ, ಖರ್ಚು ಜಾಸ್ತಿ ಆಯಿತು, ಟ್ರಾಫಿಕ್ ನಿಂತುಹೋಗುತ್ತದೆ ಅಂತ ಬಹಳ ಕೂಗಾಟ ಆಯಿತು. ಆಗ ಒಪ್ಪಿಗೆ ಕೇಳಿದ್ದರೆ ಸಿಗುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಇವತ್ತು ವಯಸ್ಸಾದವರೂ ಅಲ್ಲಿ ಧೈರ್ಯವಾಗಿ ನಡೆಯುತ್ತಾರೆ. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ನೆಲದಡಿಯಲ್ಲಿ ಬೇರೆ ಬೇರೆ ಜಾಗ ಇದೆ, ಹಾಗಾಗಿ ಮತ್ತೆ ಮತ್ತೆ ಅಗೆಯುವುದೂ ಕಡಿಮೆ. ರಾಜಕಾಲುವೆಯ ಒತ್ತುವರಿ ತೆಗೆಯುವಾಗ ಒತ್ತುವರಿ ಮಾಡಿದವರ ಒಪ್ಪಿಗೆ ಕೇಳುವುದಕ್ಕಾಗುತ್ತದಾ? ಗಾಲಿಕುರ್ಚಿಗೆ ಇಳಿಜಾರು ಇರಬೇಕಾ ಬೇಡವಾ ಅನ್ನುವುದನ್ನು ಬೀದಿಯವರ ಮರ್ಜಿಗೆ ಬಿಡಬಹುದಾ? ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ.

ಚುನಾಯಿತ ಕೌನ್ಸಿಲ್ ಇಲ್ಲದೆ ಇಷ್ಟು ವರ್ಷ ನಡೆದದ್ದು ತಪ್ಪು, ಅದನ್ನು ಯಾರೂ ಸಮರ್ಥಿಸಲಾರರು. ಅದಕ್ಕೆ ಆಗಬೇಕಾದದ್ದು ಚುನಾವಣೆ. ಅದು ಬೇರೆ ವಿಷಯ, ಇಲ್ಲಿಗೆ ತರುವುದು ಬೇಡ.

ನನ್ನ ಪ್ರಕಾರ ಹೀಗೆ ಮಾಡಬಹುದು. ಟೆಂಡರ್ ಕರೆಯುವ ಮೊದಲು ಡ್ರಾಯಿಂಗ್ ಮತ್ತು ಎಸ್ಟಿಮೇಟನ್ನು ಬೀದಿಯಲ್ಲೇ ಒಂದು ತಿಂಗಳು ಹಾಕಿಡಲಿ. ಯಾರು ಬೇಕಾದರೂ ಬರೆದು ಕೊಡಲಿ, ಆ ದಾರಿಯಲ್ಲಿ ಓಡಾಡುವವರು ಕೂಡ. ಎಂಜಿನಿಯರ್ ಪ್ರತಿಯೊಂದಕ್ಕೂ ಬರಹದಲ್ಲೇ ಉತ್ತರ ಕೊಡಲಿ, ಒಪ್ಪದಿದ್ದರೆ ಕಾರಣ ಹೇಳಲಿ. ನೀರಿನ ಕಿಂಡಿ, ಮೋರಿಯ ಇಳಿಜಾರನ್ನು ಅಲ್ಲಿನವರ ಜೊತೆ ನಡೆದು ನೋಡಿಯೇ ಗುರುತು ಹಾಕಲಿ, ಅದು ಎಸ್ಟಿಮೇಟ್ ಮಾಡುವ ಮೊದಲೇ ಆಗಲಿ. ಫುಟ್‌ಪಾತಿನ 1.8 ಮೀಟರ್ ಮಾತ್ರ ಚೌಕಾಸಿಗೆ ಇಡಬಾರದು.