ಮೂರನೇ ಪುಟದ ಆಕಳಿಕೆ

ಊಟವಾಗಿ, ಕನ್ನಡಕ ಒರೆಸಿ ಸಂತರ ಪುಸ್ತಕ ಬಿಡಿಸಿದರೆ ಮೂರನೇ ಪುಟಕ್ಕೇ ಆಕಳಿಕೆ. ಐದನೆಯದಕ್ಕೆ ಪುಸ್ತಕ ಎದೆಯ ಮೇಲೆ ಬೋರಲು. ನಿವೃತ್ತಿಯ ನಂತರ ಕ್ರೈಸ್ತ ಅಧ್ಯಾತ್ಮವನ್ನು ಓದಲು ಕೂತವರಲ್ಲಿ ಹೆಚ್ಚಿನವರ ಪಾಡು ಇದೇ. ವಯಸ್ಸಾಯಿತಲ್ಲ ಅನ್ನುತ್ತಾರೆ. ಸುಳ್ಳು.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಕಿಟಕಿಯಲ್ಲಿ ಇಣುಕಿ ನೋಡಿದವನಂತೆ ಬರೆದಿಟ್ಟಿದ್ದಾನೆ. ಓದುವವನು ಆಕಳಿಸುತ್ತಾನೆ, ಕಣ್ಣುಜ್ಜುತ್ತಾನೆ, ಮೈ ಮುರಿಯುತ್ತಾನೆ, ಗೋಡೆ ನೋಡುತ್ತಾನೆ. ಮತ್ತೆ ನಾಲ್ಕು ಸಾಲು ಓದಿ, ಇನ್ನೆಷ್ಟು ಹಾಳೆ ಉಳಿದಿದೆಯೆಂದು ಎಣಿಸುತ್ತಾನೆ. ಬರವಣಿಗೆಯಲ್ಲಿ, ಅಲಂಕಾರದಲ್ಲಿ ಹುಳುಕು ತೆಗೆಯುತ್ತಾನೆ. ಕೊನೆಗೆ ಪುಸ್ತಕ ಮುಚ್ಚಿ, ತಲೆಯಡಿ ಇಟ್ಟುಕೊಂಡು ಮಲಗಿಬಿಡುತ್ತಾನೆ. ನಿದ್ದೆಯೂ ನೆಟ್ಟಗೆ ಬಾರದು, ಹಸಿವು ಎಬ್ಬಿಸುತ್ತದೆ. ಈ ಕಾಟಕ್ಕೆ ಅವನಿಟ್ಟ ಹೆಸರು ಅಕೀಡಿಯ, ನಡುಹಗಲ ದೆವ್ವ. ಅದರ ವೇಳೆಯನ್ನೂ ಬರೆದಿದ್ದಾನೆ: ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು 10ರಿಂದ ಮಧ್ಯಾಹ್ನ 2ರವರೆಗೆ. ಆ ಸನ್ಯಾಸಿಗಳ ಊಟ 3ರ ಹೊತ್ತಿಗೆ. ಹೊಟ್ಟೆ ತುಂಬಿದ್ದಕ್ಕೆ ತೂಕಡಿಕೆ ಎನ್ನುವ ನೆಪವೂ ಪಾಪ ಅವರಿಗಿರಲಿಲ್ಲ.

ಆರನೇ ಶತಮಾನದ ಇಟಲಿಯ ಮಠಾಧಿಪತಿ ಬೆನೆಡಿಕ್ಟ್ ಇದಕ್ಕೆ ಆಡಳಿತಾತ್ಮಕ ಮದ್ದು ಕಂಡುಕೊಂಡ. ಅವನ ಮಠನಿಯಮದ 48ನೇ ಅಧ್ಯಾಯದಂತೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ತಲೆಗೊಂದೇ ಪುಸ್ತಕ; ಮೊದಲಿನಿಂದ ಕೊನೆಯವರೆಗೆ, ಹಾರಿಸದೆ ಓದಬೇಕು. ಓದಿನ ಹೊತ್ತಿನಲ್ಲಿ ಒಬ್ಬಿಬ್ಬರು ಹಿರಿಯರು ಸುತ್ತು ಹಾಕಿ, ಯಾರು ಹರಟುತ್ತಿದ್ದಾರೆ ನೋಡುತ್ತಾರೆ. ಈಗ ಸುತ್ತು ಹಾಕುವವರಿಲ್ಲ. ಹಾಗಾಗಿಯೇ ಮೇಜಿನ ಮೇಲೆ ಹನ್ನೊಂದು ಪುಸ್ತಕ, ಹನ್ನೊಂದರಲ್ಲೂ ಗುರುತಿನ ಚೀಟಿ.

ಓದುವ ಕ್ರಮವನ್ನು ಹನ್ನೆರಡನೇ ಶತಮಾನದ ಎರಡನೇ ಗೀಗೋ ಎಂಬ ಸನ್ಯಾಸಿ ನಾಲ್ಕು ಮೆಟ್ಟಿಲು ಮಾಡಿ ತೋರಿಸಿದ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ಧ್ಯಾನವೆಂದರೆ ಆ ಸವಿಯೇ. ಒಂದು ಸಲಕ್ಕೆ ಬೈಬಲಿನ ಎಂಟು ಹತ್ತು ವಚನ ಸಾಕು. ಪಿಸುದನಿಯಲ್ಲಿ ಓದಬೇಕು, ತುಟಿ ಅಲ್ಲಾಡುತ್ತಿದ್ದರೆ ನಿದ್ದೆ ತುಸು ದೂರ. ಒಂದು ಮಾತು ಮನಸ್ಸಿಗೆ ತಾಗಿದಲ್ಲಿ ನಿಲ್ಲಬೇಕು. ಕೆಡುವುದೂ ಅಲ್ಲೇ: ನಿಲ್ಲುವ ಬದಲು ಪೆನ್ಸಿಲ್ ಹುಡುಕುತ್ತಾರೆ, ಅಡಿಗೆರೆ ಎಳೆಯುತ್ತಾರೆ, ವ್ಯಾಖ್ಯಾನ ತೆರೆಯುತ್ತಾರೆ. ತುತ್ತು ಬಾಯಲ್ಲೇ ಆರುತ್ತದೆ.

ಇನ್ನು ಬೈಬಲಿನ ಕೀರ್ತನೆಗಳ ಸಂಖ್ಯೆಯ ಗೊಂದಲ! ಗ್ರೀಕ್ ಬೈಬಲ್ 9 ಮತ್ತು 10ನ್ನು ಒಂದೇ ಮಾಡಿದ್ದರಿಂದ, ಅದನ್ನು ಅನುಸರಿಸುವ ಹಳೆಯ ಪುಸ್ತಕಗಳಲ್ಲಿ ಕುರುಬನ ಕೀರ್ತನೆ 23 ಅಲ್ಲ, 22. ಇಷ್ಟನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿದರೆ ಪ್ರಕಾಶಕರ ಗಂಟೇನು ಹೋಗುತ್ತಿತ್ತೋ.

ಮೊದಲ ದಿನವೇ ಹದಿನಾರನೇ ಶತಮಾನದ ಸ್ಪೇನಿನ ಸನ್ಯಾಸಿ, ಶಿಲುಬೆಯ ಸಂತ ಯೋವಾನ್ನನ ‘ಕತ್ತಲ ರಾತ್ರಿ’ ಹಿಡಿಯುವವರೂ ಇದ್ದಾರೆ. ಅದು ತನ್ನದೇ ಕವಿತೆಗೆ ಅವನು ಬರೆದ ವಿವರಣೆ. ಕವಿತೆಗೆ ಎಂಟು ಪದ್ಯ. ಅವನ ವಿವರಣೆ ಮೂರನೇ ಪದ್ಯದ ಆರಂಭದಲ್ಲೇ ನಿಂತುಹೋಗಿದೆ. ಅಲ್ಲಿಯವರೆಗೂ ತಲುಪದೆ ಮಲಗಿದವರಿಗೆ ಈ ವಿಷಯ ಗೊತ್ತಿರುವುದಿಲ್ಲ.