ಡಾರ್ಕ್ ಸ್ಟಾರ್ ಬರೀ ಅಗ್ಗದ ತಮಾಷೆ ಅಲ್ಲ

ಬಾಹ್ಯಾಕಾಶ ನೌಕೆಯೊಂದರ ಕಥೆ ಹೇಳುವ 1974ರ 'ಡಾರ್ಕ್ ಸ್ಟಾರ್' ದುಡ್ಡಿಲ್ಲದೆ ಮಾಡಿದ ಹುಡುಗಾಟದ ಸಿನಿಮಾ ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಒಪ್ಪುವುದಿಲ್ಲ. ದುಡ್ಡಿರಲಿಲ್ಲ, ನಿಜ. ನಿರ್ದೇಶಕ ಜಾನ್ ಕಾರ್ಪೆಂಟರ್, ಜೊತೆಗೆ ಕಥೆ ಬರೆದ ಡ್ಯಾನ್ ಒಬ್ಯಾನನ್ ಇದನ್ನು ಶುರು ಮಾಡಿದಾಗ ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾ ಓದುತ್ತಿದ್ದರು. ಬೇರೆ ಗ್ರಹದ ಜೀವಿ ಅಂದ್ರೆ ಬಣ್ಣ ಬಳಿದ ಬೀಚ್ ಬಾಲ್, ಅದಕ್ಕೆ ಉಗುರಿರುವ ಎರಡು ಪಾದ, ಅಷ್ಟೇ. ಆದರೆ ಅದನ್ನು ಹಿಡಿಯಲು ಹೋಗಿ ನೌಕೆಯ ಸಿಬ್ಬಂದಿಯಲ್ಲೊಬ್ಬನಾದ ಪಿನ್‌ಬ್ಯಾಕ್ ಲಿಫ್ಟ್ ಅಡಿ ನೇತಾಡುವ ದೃಶ್ಯ ನೋಡಿ. ನಗು ಬರುತ್ತೆ, ಜೊತೆಗೇ ಎದೆ ಢವಢವ ಅನ್ನುತ್ತೆ. ಆ ಪಾತ್ರ ಮಾಡಿದ ಒಬ್ಯಾನನ್ನೇ ಮುಂದೆ 1979ರ ಬಾಹ್ಯಾಕಾಶದ ಭಯಾನಕ ಸಿನಿಮಾ 'ಏಲಿಯನ್'ಗೆ ಚಿತ್ರಕಥೆ ಬರೆದದ್ದು. ಸುಮ್ನೆ ಬಂದದ್ದಲ್ಲ ಆ ಚಿತ್ರಕಥೆ, ಅಲ್ವಾ?

ಇನ್ನು ನೌಕೆಯಲ್ಲಿರುವ ಆ ಮಾತಾಡುವ ಬಾಂಬ್! ನೌಕೆಯಿಂದ ಕಳಚಿಕೊಳ್ಳದೆ ಅಲ್ಲೇ ಸಿಡಿಯಲು ಹಟ ಹಿಡಿಯುತ್ತೆ. ನೌಕೆಯ ಹೊಣೆ ಹೊತ್ತ ಡೂಲಿಟಲ್ ಹೊರಗೆ ತೇಲುತ್ತಾ ಅದರ ಜೊತೆ ವಾದಕ್ಕೆ ಕೂರುತ್ತಾನೆ. ನಿನಗೆ ಆದೇಶ ಬಂದದ್ದು ನಿಜಾನೇ ಅಂತ ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾನೆ. ಬಾಂಬ್ ಯೋಚನೆಗೆ ಬೀಳುತ್ತೆ. ಹೀಗೆ ವಾದ ಮಾಡು ಅಂತ ಅವನಿಗೆ ಸಲಹೆ ಕೊಟ್ಟದ್ದು ಯಾರು? ಸತ್ತು ಮಂಜುಗಡ್ಡೆಯಾಗಿರುವ ಕ್ಯಾಪ್ಟನ್! ಇಪ್ಪತ್ತು ವರ್ಷ ಒಂದೇ ಡಬ್ಬಿಯೊಳಗಿದ್ದು ಬೇಸತ್ತವರ ಒಂಟಿತನವನ್ನು ಇಷ್ಟು ನಗಿಸುತ್ತಾ ತೋರಿಸಿದ ಸಿನಿಮಾ ನನಗೆ ಬೇರೆ ಸಿಕ್ಕಿಲ್ಲ. ದಯವಿಟ್ಟು ಇದರ ಬಗ್ಗೆಯೇ ಒಂದು ಪೂರ್ತಿ ಲೇಖನ ಬರೆಯಿರಿ.